ಬಾಗಿಲಿಲ್ಲದ ಕೋಣೆಯಲ್ಲಿ ಯಾವುದನ್ನು ತಟ್ಟಲಿ?

ಪ್ರಿಯ ಸಹೋದರಿ, ನಿಮ್ಮ ಮನೆಯಲ್ಲಿ ಎಷ್ಟು ಬಾಗಿಲುಗಳಿವೆ? ಒಮ್ಮೆ ಎಣಿಸಿ ನೋಡಿ. ಅವುಗಳಲ್ಲಿ ಒಳಗಿನಿಂದ ಸರಿಯಾಗಿ ಚಿಲಕ ಬೀಳುವ ಬಾಗಿಲುಗಳು ಎಷ್ಟು? ಇದೆಂಥ ಪ್ರಶ್ನೆ ಎಂದು ನಿಮಗೆ ಅನಿಸಬಹುದು. ನನಗೂ ಹಾಗೆಯೇ ಅನಿಸುತ್ತಿತ್ತು. ಕಳೆದ ಮಳೆಗಾಲದಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿ ಎದ್ದು ನಿಂತು ಒಂದು ಮಾತು ಕೇಳುವವರೆಗೆ.

ನಮ್ಮೂರು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ. ಸಂಜೆಯ ಹೊತ್ತು ನಾನು ಹೆಣ್ಣುಮಕ್ಕಳ ಮಕ್ತಬ್‌ನಲ್ಲಿ ಪಾಠ ಹೇಳುತ್ತೇನೆ. ಅಂದು ಸೂರಃ ಅನ್ನೂರ್‌ನ ಪಾಠವಿತ್ತು. ಇನ್ನೊಬ್ಬರ ಮನೆಯನ್ನು ಅನುಮತಿ ಕೇಳದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂಬ ಆದೇಶ ಅದರ 27ನೆಯ ವಚನದಲ್ಲಿದೆ. 58ನೆಯ ವಚನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒಂದೇ ಮನೆಯೊಳಗೆ ಇರುವವರು ಕೂಡ, ಇನ್ನೂ ಪ್ರಾಯಕ್ಕೆ ಬಾರದ ಮಕ್ಕಳು ಕೂಡ, ಮೂರು ಹೊತ್ತಿನಲ್ಲಿ ಅನುಮತಿ ಕೇಳಿಯೇ ಒಳಗೆ ಹೋಗಬೇಕು. ಫಜ್ರ್ ನಮಾಝಿಗೆ ಮುಂಚೆ, ಮಧ್ಯಾಹ್ನ ಬಟ್ಟೆ ಸಡಿಲಿಸಿ ವಿಶ್ರಾಂತಿ ಪಡೆಯುವಾಗ ಮತ್ತು ಇಶಾ ನಮಾಝಿನ ಬಳಿಕ. ಮಕ್ಕಳು ಪ್ರಾಯಕ್ಕೆ ಬಂದ ಮೇಲಂತೂ ಹಿರಿಯರಂತೆ ಎಲ್ಲ ಹೊತ್ತಿನಲ್ಲೂ ಅನುಮತಿ ಕೇಳಬೇಕು ಎಂದು ಮುಂದಿನ ವಚನ ಹೇಳುತ್ತದೆ.

ಇದನ್ನೆಲ್ಲ ನಾನು ಉತ್ಸಾಹದಿಂದಲೇ ವಿವರಿಸಿದೆ. ಆಗ ಆ ಹುಡುಗಿ ಎದ್ದು ನಿಂತಳು. "ಕೋಣೆಗೆ ಬಾಗಿಲೇ ಇಲ್ಲದಿದ್ದರೆ ಯಾವುದನ್ನು ತಟ್ಟಬೇಕು?"

ಮದ್ರಸದಲ್ಲಿ ಕಲಿತವಳಿಗೆ ಉತ್ತರ ಸಿದ್ಧವಿತ್ತು. ಈ ವಚನ ಅವತೀರ್ಣವಾದಾಗ ಜನರ ಮನೆಗಳಿಗೆ ಪರದೆಗಳೂ ಇರಲಿಲ್ಲ, ಆ ಕಾರಣಕ್ಕೇ ಅನುಮತಿಯ ಆದೇಶ ಬಂತು ಎಂದು ಹ. ಇಬ್ನು ಅಬ್ಬಾಸ್(ರ) ವಿವರಿಸಿದ್ದಾರೆ. ಪ್ರವಾದಿವರ್ಯರು(ಸ) ಒಬ್ಬರ ಮನೆಗೆ ಹೋದರೆ ಬಾಗಿಲಿಗೆ ಎದುರಾಗಿ ನಿಲ್ಲುತ್ತಿರಲಿಲ್ಲ, ಬಲಕ್ಕೋ ಎಡಕ್ಕೋ ಸರಿದು ನಿಂತು ಸಲಾಮ್ ಹೇಳುತ್ತಿದ್ದರು. ಇದನ್ನೇ ಹೇಳಿದೆ. "ಬಾಗಿಲು ಇಲ್ಲದಿದ್ದರೆ ಧ್ವನಿ ಇದೆಯಲ್ಲ? ಹೊರಗಿನಿಂದಲೇ ಸಲಾಮ್ ಹೇಳಬೇಕು."

"ಅವರು ಸಲಾಮ್ ಹೇಳುತ್ತಾ ಹೇಳುತ್ತಾ ಒಳಗೇ ಬಂದುಬಿಡುತ್ತಾರೆ" ಎಂದಳು ಹುಡುಗಿ. ಉಳಿದ ಮಕ್ಕಳು ನಕ್ಕರು. ಅವಳು ನಗಲಿಲ್ಲ.

ಆ ಹುಡುಗಿ ನನ್ನ ಸ್ವಂತ ತಂಗಿಯ ಮಗಳು. ಅವಳು ಹೇಳುತ್ತಿದ್ದುದು ನನ್ನ ತಾಯಿ ಮನೆಯ ಕೋಣೆಯ ವಿಷಯ.

ತಂಗಿ ಗಂಡನನ್ನು ಕಳೆದುಕೊಂಡು, ಇದ್ದತ್ ಮುಗಿಸಿ, ಒಬ್ಬಳೇ ಮಗಳನ್ನು ಕರೆದುಕೊಂಡು ತಾಯಿ ಮನೆಗೆ ಬಂದು ಎರಡು ವರ್ಷವಾಗಿತ್ತು. ಅಣ್ಣ ಅವಳನ್ನು ಬೇಡವೆನ್ನಲಿಲ್ಲ. ತೊಗರಿ ಚೀಲ ಒಟ್ಟುತ್ತಿದ್ದ ಹಿಂದಿನ ಕೋಣೆಯನ್ನು ಖಾಲಿ ಮಾಡಿಕೊಟ್ಟ. ಎಲ್ಲ ಚೀಲಗಳಿಗೂ ಬೇರೆ ಜಾಗ ಇರಲಿಲ್ಲ, ಹಾಗಾಗಿ ನಾಲ್ಕೈದು ಅಲ್ಲೇ ಉಳಿದವು. ಅವುಗಳ ನೆಪದಲ್ಲಿ ಎಲ್ಲರ ಓಡಾಟವೂ ಉಳಿಯಿತು. ಅಣ್ಣನಿಗೆ ಹದಿನೈದು, ಹದಿನೇಳು ವರ್ಷದ ಇಬ್ಬರು ಗಂಡುಮಕ್ಕಳಿದ್ದಾರೆ. ಒಳ್ಳೆಯ ಹುಡುಗರು. ಆದರೆ ಅತ್ತೆಯ ಮಗಳಿಗೆ ಅವರು ಮಹ್ರಮ್ ಅಲ್ಲ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಕೋಣೆಗೆ ಬಾಗಿಲು ಇತ್ತು. ಒಂದು ಮಳೆಗಾಲದಲ್ಲಿ ಅದರ ಮೇಲಿನ ಬಿಜಾಗರಿ ಕಿತ್ತು ಬಂತು. ಸ್ಕ್ರೂಗಳು ಚೌಕಟ್ಟಿನೊಳಗೇ ಮುರಿದು ಉಳಿದವು. ಒಂದೇ ಬಿಜಾಗರಿಯ ಮೇಲೆ ಜೋತು ಬಿದ್ದ ಕದವನ್ನು ಅಣ್ಣ ಬಿಚ್ಚಿ ಗೋಡೆಗೆ ಒರಗಿಸಿದ. "ಬಡಿಗೇರನಿಗೆ ಹೇಳುತ್ತೇನೆ" ಎಂದ. ಅದು ಗೋಡೆಗೇ ಒರಗಿತ್ತು. ಅದರ ಜಾಗದಲ್ಲಿ ಒಂದು ಪರದೆ ಬಂತು. ಆ ಪರದೆಯನ್ನು ಹೊಲಿದು ಕೊಟ್ಟವಳು ಬೇರೆ ಯಾರೂ ಅಲ್ಲ, ನಾನೇ. "ನಮ್ಮದೇ ಮನೆಯಲ್ಲವೇ, ಸದ್ಯಕ್ಕೆ ಇದು ಸಾಕು" ಎಂದು ತಂಗಿಗೆ ಹೇಳಿದವಳೂ ನಾನೇ.

ಪಾಠ ಮುಗಿಸಿ ಆ ಸಂಜೆ ತಾಯಿ ಮನೆಗೆ ಹೋದೆ. ತಂಗಿಯನ್ನು ಕೇಳಿದೆ. ಅವಳು ಮೊದಲು ಏನೂ ಇಲ್ಲವೆಂದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು, ಹುಡುಗಿ ಬಟ್ಟೆ ಬದಲಿಸುವಾಗ ತಾನು ಪರದೆಯ ಅಂಚು ಹಿಡಿದುಕೊಂಡು ಹೊರಗೆ ನಿಲ್ಲುತ್ತೇನೆಂದು. ತಾನು ಬದಲಿಸುವಾಗ ಹುಡುಗಿ ನಿಲ್ಲುತ್ತಾಳೆಂದು. ರಾತ್ರಿ ಇಬ್ಬರೂ ಮೈತುಂಬ ಹೊದ್ದುಕೊಂಡೇ ಮಲಗುತ್ತಾರೆಂದು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತು. ಕಲಬುರಗಿ ಜಿಲ್ಲೆಯಲ್ಲಿ ಪಾದರಸ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಎರಡು ಬೇಸಿಗೆಯನ್ನು ಅವರು ಹೀಗೆಯೇ ಕಳೆದಿದ್ದರು.

"ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಅನ್ನ ಹಾಕುತ್ತಿರುವವರಿಗೆ ಬಾಗಿಲನ್ನೂ ಹಾಕಿಸು ಎನ್ನಲೇ?" ಎಂದಳು.

ಸಹೋದರಿ, ಅನ್ನ ಕೊಡುವುದು ಮತ್ತು ಆಸರೆ ಕೊಡುವುದು ಒಂದೇ ಎಂದು ನಾವು ತಿಳಿದಿದ್ದೇವೆ. ಆಸರೆ ಎಂದರೆ ಮಾಡು ಮಾತ್ರವಲ್ಲ. ಕದ ಮುಚ್ಚಿಕೊಂಡು ಒಂದು ಗಳಿಗೆ ಒಬ್ಬಳೇ ಇರುವ ಅವಕಾಶವೂ ಹೌದು. ಇದನ್ನು ಅಲ್ಲಾಹನು ತನ್ನ ಗ್ರಂಥದಲ್ಲಿ ಹೊತ್ತು ಸಮಯ ಹೇಳಿ ವಿಧಿಸಿದ್ದಾನೆ. ತಾಯಿಯ ಬಳಿ ಹೋಗುವಾಗಲೂ ಅನುಮತಿ ಕೇಳಬೇಕೇ ಎಂದು ಕೇಳಿದವನಿಗೆ ಪ್ರವಾದಿವರ್ಯರು(ಸ) ಹೌದೆಂದೇ ಹೇಳಿದರು. ತಾಯಿಗೇ ಹೀಗಾದರೆ, ಮನೆಗೆ ಮರಳಿ ಬಂದ ತಂಗಿಗೆ? ಬೆಳೆಯುತ್ತಿರುವ ಅನಾಥ ಹುಡುಗಿಗೆ?

ಮರುದಿನ ಬೆಳಿಗ್ಗೆ ನಾನು ಚೌಕಟ್ಟಿನ ಮುಂದೆ ಕುಳಿತೆ. ಎರಡು ವರ್ಷದಿಂದ ದಿನವೂ ದಾಟಿ ಹೋಗುತ್ತಿದ್ದ ಚೌಕಟ್ಟನ್ನು ನೋಡಿದ್ದು ಅಂದೇ ಮೊದಲು. ಮೇಲಿನ ಬಿಜಾಗರಿಯ ಜಾಗದಲ್ಲಿ ಮೂರು ತೂತು. ಒಂದರಲ್ಲಿ ಸ್ಕ್ರೂ ಕಿತ್ತು ಬಂದು ತೂತು ಅಗಲವಾಗಿತ್ತು. ಎರಡನೆಯದರಲ್ಲಿ ಮುರಿದ ಸ್ಕ್ರೂ ಅಕ್ಕಿ ಕಾಳಿನಷ್ಟು ಹೊರಗೆ ಚಾಚಿತ್ತು. ಅದರ ಚೂಪಿಗೆ ಪರದೆಯ ನೂಲು ಸಿಕ್ಕಿಕೊಂಡಿತ್ತು. ದಾರಿಯಿಂದ ಮುಳ್ಳು ಕಲ್ಲುಗಳನ್ನು ಸರಿಸುವುದೂ ವಿಶ್ವಾಸದ ಒಂದು ಶಾಖೆ ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನು. ಮೂರನೆಯದರಲ್ಲಿ ಸ್ಕ್ರೂ ಮರದ ಮಟ್ಟಕ್ಕಿಂತ ಒಳಗೇ ತುಂಡಾಗಿತ್ತು. ಕೆಳಗಿನ ಬಿಜಾಗರಿಯಲ್ಲೂ ಒಂದು ತುಂಡು ಒಳಗೇ ಇತ್ತು.

ಅಣ್ಣನ ಡಬ್ಬಿಯಿಂದ ಇಕ್ಕಳ ತಂದು ಹೊರಗೆ ಚಾಚಿದ್ದನ್ನು ಹಿಡಿದು ಎಡಕ್ಕೆ ತಿರುಗಿಸಲು ನೋಡಿದೆ. ಅಲುಗಲಿಲ್ಲ. ಒಳಗೆ ಮುರಿದದ್ದಕ್ಕೆ ಡ್ರಿಲ್ ಹಾಕೋಣವೆಂದು ವಿದ್ಯುತ್ ಕೆಲಸ ಮಾಡುವ ಸಂಬಂಧಿಯ ಹುಡುಗನಿಂದ ಯಂತ್ರ ತರಿಸಿದೆ. ಇಲ್ಲಿ ನಾನು ಮಾಡಿದ ತಪ್ಪನ್ನು ನಿಮಗೆ ಹೇಳಿಬಿಡುತ್ತೇನೆ. ಸ್ಕ್ರೂವಿನ ಮುರಿದ ಮುಖ ಸಮತಟ್ಟಾಗಿರುವುದಿಲ್ಲ, ಓರೆಯಾಗಿರುತ್ತದೆ. ಕಬ್ಬಿಣ ಗಟ್ಟಿ, ಪಕ್ಕದ ಮರ ಮೆತ್ತಗೆ. ಡ್ರಿಲ್ಲಿನ ಮೊನೆ ಕಬ್ಬಿಣದ ಮೇಲೆ ಜಾರಿ ಮೆತ್ತಗಿನ ಕಡೆಗೇ ಓಡಿತು. ಸ್ಕ್ರೂ ಇದ್ದಲ್ಲೇ ಇತ್ತು, ಪಕ್ಕದಲ್ಲಿ ಇನ್ನೊಂದು ಓರೆ ತೂತು ಬಿತ್ತು. ಅಮ್ಮ ಅಂಗಳದಿಂದ ಕೂಗಿದರು: "ಇದ್ದ ಚೌಕಟ್ಟನ್ನೂ ಕೆಡಿಸಬೇಡ!"

ಕೊನೆಗೆ ಊರಿನ ಹಿರಿಯ ಬಡಿಗೇರರ ಮನೆಗೆ ಹೋದೆ. ಅವರು ಈಗ ಕೆಲಸ ಬಿಟ್ಟಿದ್ದಾರೆ, ಕಣ್ಣು ಮಂಜು. ವಿಷಯ ಹೇಳುತ್ತಲೇ ಅವರಾಡಿದ ಮಾತು ನನ್ನನ್ನು ನಿಲ್ಲಿಸಿಬಿಟ್ಟಿತು.

"ಅಣ್ಣಾರು ನನಗ ಆವಾಗೇ ಹೇಳ್ಯಾರ್ರೀ ಅಕ್ಕೋರ. ಹೊಸಾ ಚೌಕಟ್ಟ ಕೂಡಸಬೇಕಾಗ್ತದ, ರಾಶಿ ಆಗ್ಲಿ, ರೊಕ್ಕ ಬರ್ಲಿ ಅಂದಿದ್ರು. ಹಳೇದೇ ನಡೀತದ ಅಂತ ನಾ ಹೇಳಬೇಕಿತ್ತು. ನೋಡೇ ಇಲ್ಲ, ಏನ್ ಹೇಳ್ಲಿ?"

ಎರಡು ವರ್ಷದಿಂದ ನಾನು ಅಣ್ಣನನ್ನು ಸೋಮಾರಿ ಎಂದುಕೊಂಡಿದ್ದೆ. ತಂಗಿಯ ಬಗ್ಗೆ ಅವನಿಗೆ ಕಾಳಜಿ ಇಲ್ಲವೆಂದುಕೊಂಡಿದ್ದೆ. ಅವನೋ, ಸ್ಕ್ರೂ ಮುರಿದ ಚೌಕಟ್ಟು ಇನ್ನು ಕೆಲಸಕ್ಕೆ ಬಾರದು ಎಂದು ನಂಬಿ, ಹೊಸದಕ್ಕೆ ಹಣವಿಲ್ಲದೆ, ಹಣವಿಲ್ಲವೆಂದು ಹೇಳಲೂ ಆಗದೆ ತೊಗರಿ ರಾಶಿಯನ್ನು ಕಾಯುತ್ತಿದ್ದ. ಒಂದು ರಾಶಿ ಮಳೆಗೆ ಹೋಗಿತ್ತು. ಇನ್ನೊಂದು ಸಾಲಕ್ಕೆ ಹೋಗಿತ್ತು. ಕೆಟ್ಟ ಅನುಮಾನವನ್ನು ದೂರವಿಡಿ ಎಂದು ಎಷ್ಟು ಬಾರಿ ಪಾಠ ಹೇಳಿಲ್ಲ ನಾನು!

ಬಡಿಗೇರರು ನನ್ನ ಜೊತೆಯಲ್ಲೇ ಬಂದರು. ಬೆರಳಿನಿಂದ ಚೌಕಟ್ಟನ್ನು ಮುಟ್ಟಿ ನೋಡಿ, "ಜಾಲಿ ಐತಿ. ನಿಮ್ಮ ಮಮ್ಮಕ್ಕಳ ಕಾಲಕ್ಕೂ ಏನೂ ಆಗಂಗಿಲ್ಲ" ಎಂದರು.

ಅಂದು ಅವರಿಂದ ಕಲಿತದ್ದನ್ನು ನಿಮಗೂ ತಿಳಿಸುತ್ತೇನೆ. ನಿಮ್ಮ ಮನೆಯಲ್ಲೂ ಎಲ್ಲಾದರೂ ಒಂದು ಕದ ಗೋಡೆಗೆ ಒರಗಿರಬಹುದು.

ಮೊದಲು, ಸ್ಕ್ರೂ ಯಾಕೆ ಮುರಿಯುತ್ತದೆ? ನಮ್ಮದು ಕಪ್ಪು ಮಣ್ಣಿನ ನೆಲ. ತೊಗರಿಗೆ ಒಳ್ಳೆಯದು, ಗೋಡೆಗೆ ಅಲ್ಲ. ಈ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಜೊತೆ ಗೋಡೆ ಅಲುಗುತ್ತದೆ, ಚೌಕಟ್ಟಿನ ಮೂಲೆ ಸೊಟ್ಟಗಾಗುತ್ತದೆ. ತೇವಕ್ಕೆ ಕದವೂ ಹಿಗ್ಗಿ ಹೊಸ್ತಿಲಿಗೆ ಉಜ್ಜುತ್ತದೆ. ನಾವು ಹೆಗಲು ಕೊಟ್ಟು ನೂಕುತ್ತೇವೆ. ಕದದ ಭಾರವೆಲ್ಲ ಮೇಲಿನ ಬಿಜಾಗರಿಯನ್ನು ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಆದ್ದರಿಂದ ಮೊದಲು ಸೋಲುವುದು ಮೇಲಿನ ಸ್ಕ್ರೂಗಳೇ.

ಹಳೆಯ ಮನೆಗಳ ಕದಗಳಿಗೆ ಬಿಜಾಗರಿಯೇ ಇರುತ್ತಿರಲಿಲ್ಲ. ಕದದ ಮೇಲೂ ಕೆಳಗೂ ಗೂಟದಂಥ ಚಾಚು. ಅದು ಹೊಸ್ತಿಲಿನ ಕುಳಿಯಲ್ಲಿ ಕುಳಿತು ತಿರುಗುತ್ತಿತ್ತು. ಭಾರವೆಲ್ಲ ನೆಲದ ಮೇಲೆ. ಸ್ಕ್ರೂ ನಮ್ಮ ಮನೆಗಳಿಗೆ ಬಂದದ್ದು ಕಾರ್ಖಾನೆಗಳ ಕಾಲದಲ್ಲಿ. ಮೊದಲಿನ ಸ್ಕ್ರೂಗಳ ತುದಿ ಮೊಂಡಾಗಿತ್ತು, ತೂತು ಕೊರೆಯದೆ ಅವು ಒಳಗೆ ಹೋಗುತ್ತಲೇ ಇರಲಿಲ್ಲ. ತುದಿ ಚೂಪಾದ ಸ್ಕ್ರೂವನ್ನು ಯಂತ್ರದಿಂದ ತಯಾರಿಸುವುದು ಅಮೆರಿಕದಲ್ಲಿ 1840ರ ದಶಕದಲ್ಲಿ ರೂಢಿಗೆ ಬಂತು. 1854ರಲ್ಲಿ ಆ ಯಂತ್ರಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಬಂದವು. ತುದಿ ಚೂಪಾದ ಮೇಲೆ ಜನ ತೂತು ಕೊರೆಯುವುದನ್ನೇ ಮರೆತರು. ನಮ್ಮ ಕಡೆಯಂತೂ ಸುತ್ತಿಗೆಯಿಂದ ಮುಕ್ಕಾಲು ಭಾಗ ಹೊಡೆದು, ಕೊನೆಗೆ ಎರಡು ಸುತ್ತು ತಿರುಗಿಸುವ ರೂಢಿ. ನಮ್ಮ ಬಾಗಿಲಿಗೂ ಹಾಗೆಯೇ ಹೊಡೆದಿದ್ದರು. ಜಾಲಿ ಎಂದರೆ ಬಂಡಿಯ ಗಾಲಿಗೆ, ನೇಗಿಲಿಗೆ ಬಳಸುವ ಮರ. ಅಷ್ಟು ಗಟ್ಟಿ ಮರದಲ್ಲಿ ತೂತಿಲ್ಲದೆ ನುಗ್ಗಿದ ಸ್ಕ್ರೂ ಅಂದೇ ಅರ್ಧ ಸತ್ತಿರುತ್ತದೆ.

ಇನ್ನೊಂದು ಕಾರಣ ನಮ್ಮ ಅಡುಗೆ ಮನೆಗೂ ಗೊತ್ತಿರುವಂಥದ್ದು. ಕಬ್ಬಿಣದ ಚಾಕುವಿನಲ್ಲಿ ಬಾಳೆಕಾಯಿ ಹೆಚ್ಚಿದರೆ ಕಪ್ಪಾಗುತ್ತದಲ್ಲವೇ? ಒಗರು ಮತ್ತು ಕಬ್ಬಿಣ ಸೇರಿದರೆ ಆಗುವ ಬಣ್ಣ ಅದು. ಹಿಂದಿನವರು ಅಳಲೆಕಾಯಿ ಮತ್ತು ಕಬ್ಬಿಣದಿಂದ ಶಾಯಿ ಮಾಡುತ್ತಿದ್ದುದೂ ಹೀಗೆಯೇ. ಜಾಲಿಯಲ್ಲಿ ಒಗರು ಹೆಚ್ಚು, ಅದರ ತೊಗಟೆಯಿಂದ ಚರ್ಮ ಹದ ಮಾಡುತ್ತಾರೆ. ತೇವ ಸೇರಿದಾಗ ಮರದೊಳಗಿನ ಸ್ಕ್ರೂ ನಿಧಾನವಾಗಿ ಸವೆಯುತ್ತದೆ, ಸುತ್ತಲಿನ ಮರ ಕಪ್ಪಾಗುತ್ತದೆ. ತೂತಿನ ಸುತ್ತ ಕಪ್ಪು ಉಂಗುರ ಕಂಡರೆ ಒಳಗಿನ ಸ್ಕ್ರೂ ಸೊರಗಿದೆ ಎಂದು ತಿಳಿಯಿರಿ.

ಇನ್ನು ತೆಗೆಯುವ ಕ್ರಮ. ಹೊರಗೆ ಚಾಚಿದ್ದ ತುಂಡಿಗೆ ಎಣ್ಣೆ ಬಿಡೋಣವೇ ಎಂದು ಹೊಲಿಗೆ ಯಂತ್ರದ ಎಣ್ಣೆಯನ್ನು ತಂದಿದ್ದೆ. ಬಡಿಗೇರರು ಬೇಡವೆಂದರು. ಎಣ್ಣೆ ಕುಡಿದ ಮರಕ್ಕೆ ಆಮೇಲೆ ಫೆವಿಕಾಲ್ ಹಿಡಿಯುವುದಿಲ್ಲ. ಎಣ್ಣೆ ಬಿಟ್ಟ ಮೇಲೆ ಬಿಸಿ ತಾಗಿಸುವುದು ಅಪಾಯ ಕೂಡ. ಅದರ ಬದಲು ಮೊಬೈಲ್ ರಿಪೇರಿಯವರು ಬಳಸುವ ಬೆಸುಗೆ ಕಡ್ಡಿಯನ್ನು ತರಿಸಿ, ಅದರ ಬಿಸಿ ತುದಿಯನ್ನು ಮೂರು ನಾಲ್ಕು ನಿಮಿಷ ಸ್ಕ್ರೂವಿಗೆ ಮಾತ್ರ ತಾಗಿಸಿ ಹಿಡಿಯಲು ಹೇಳಿದರು. ಬಿಸಿಗೆ ಕಬ್ಬಿಣ ಹಿಗ್ಗಿ, ಆರಿದಾಗ ಕುಗ್ಗಿ, ತುಕ್ಕಿನ ಹಿಡಿತ ಬಿಡುತ್ತದೆ. ಆರಿದ ಮೇಲೆ ಇಕ್ಕಳದಿಂದ ಗಟ್ಟಿಯಾಗಿ ಹಿಡಿದೆ. ಎಡಕ್ಕೆ ತಿರುಗಿಸಲು ಹೊರಟಾಗ ಅವರು ನನ್ನ ಕೈ ತಡೆದರು.

"ಮೊದಲ ಬಲಕ್ಕ, ಒಂದು ಕೂದಲೆಳಿಯಷ್ಟು. ಆಮ್ಯಾಲ ಎಡಕ್ಕ. ಒಮ್ಮಿಗೇ ಜಗ್ಗಿದ್ರ ಮತ್ತ ಮುರೀತದ."

ಬಲಕ್ಕೆ ಸ್ವಲ್ಪ, ಎಡಕ್ಕೆ ಸ್ವಲ್ಪ, ಮತ್ತೆ ಬಲಕ್ಕೆ. ಕಿರ್ ಎಂಬ ಸದ್ದು. ಎಷ್ಟೋ ವರ್ಷದಿಂದ ಬಿಗಿದಿದ್ದ ತುಂಡು ಸುತ್ತು ಸುತ್ತಾಗಿ ಹೊರಗೆ ಬಂತು. ತೂತಿನ ಮುಂದೆ ಕುಳಿತಿದ್ದ ಹುಡುಗಿ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು.

ಚಾಚು ಇನ್ನೂ ಉದ್ದವಿದ್ದರೆ ಗರಗಸದ ಎಲೆಯಿಂದ ಅದರ ತಲೆಯ ಮೇಲೆ ಒಂದು ಗೀರು ಕೊರೆದು ಸ್ಕ್ರೂಡ್ರೈವರ್‌ನಿಂದಲೇ ತಿರುಗಿಸಬಹುದು.

ಮರದೊಳಗೇ ಮುರಿದದ್ದಕ್ಕೆ ಬೇರೆ ಉಪಾಯ. ಅಟ್ಟದಲ್ಲಿದ್ದ ಹಳೆಯ ಛತ್ರಿಯನ್ನು ಬಡಿಗೇರರು ಕೇಳಿದರು. ಅದರ ದಂಡ ಟೊಳ್ಳು ಉಕ್ಕಿನ ಕೊಳವೆ, ಸುಮಾರು 8 ಮಿ.ಮೀ. ದಪ್ಪ. ಎರಡು ಇಂಚು ಕತ್ತರಿಸಿ, ಒಂದು ತುದಿಯಲ್ಲಿ ಮುಮ್ಮೂಲೆ ಅರದಿಂದ ಗರಗಸದಂತೆ ಹಲ್ಲು ಮಾಡಿಸಿದರು. ಇನ್ನೊಂದು ತುದಿ ಡ್ರಿಲ್ಲಿನ ಹಿಡಿತಕ್ಕೆ ನಜ್ಜಾಗದಂತೆ ಒಳಗೆ ಕಟ್ಟಿಗೆಯ ಚೂರು ತುರುಕಿದರು. ಈ ಕೊಳವೆ ಸ್ಕ್ರೂವನ್ನು ಕೊರೆಯುವುದಿಲ್ಲ, ಅದರ ಸುತ್ತಲಿನ ಮರವನ್ನು ಉಂಗುರದಂತೆ ಕೊರೆಯುತ್ತದೆ. ಸ್ಕ್ರೂ ಕೊಳವೆಯ ನಡುವೆ ಉಳಿಯುತ್ತದೆ. ನಡುವೆ ಮೊನೆ ಇಲ್ಲದ್ದರಿಂದ ಕೊಳವೆ ಆರಂಭದಲ್ಲಿ ಓಡಾಡುತ್ತದೆ. ಅದಕ್ಕೆ ಒಂದು ಪ್ಲೈವುಡ್ ತುಂಡಿನಲ್ಲಿ ಅದೇ ಅಳತೆಯ ತೂತು ಮಾಡಿ, ಅದನ್ನು ಚೌಕಟ್ಟಿಗೆ ಒತ್ತಿ ಹಿಡಿದು, ಆ ತೂತಿನ ಮೂಲಕವೇ ಕೊರೆಯಬೇಕು. ಯಂತ್ರವನ್ನು ಉಲ್ಟಾ ತಿರುಗುವಂತೆ ಇಡಬೇಕು. ಆಗ ಹಲ್ಲು ಸ್ಕ್ರೂವಿಗೆ ಕಚ್ಚಿಕೊಂಡರೂ ಅದನ್ನು ಬಿಚ್ಚುವ ದಿಕ್ಕಿನಲ್ಲೇ ತಿರುಗಿಸುತ್ತದೆ.

ಸೆರಗನ್ನು, ದುಪಟ್ಟಾವನ್ನು ಬಿಗಿಯಾಗಿ ಕಟ್ಟಿಕೊಳ್ಳಿ. ಕೂದಲು ಕಟ್ಟಿ, ಬಳೆ ತೆಗೆದಿಡಿ. ಕಣ್ಣಿಗೆ ಕನ್ನಡಕ ಇರಲಿ. ತಿರುಗುವ ಯಂತ್ರಕ್ಕೆ ಬಟ್ಟೆಯ ಅಂಚು ಸಿಕ್ಕರೆ ಅದು ಕರುಣೆ ತೋರುವುದಿಲ್ಲ. ಜಾಲಿ ಗಟ್ಟಿಯಾದ್ದರಿಂದ ಹೊಗೆ ಬಂತು. ನಾಲ್ಕು ಬಾರಿ ನಿಲ್ಲಿಸಿ, ಪುಡಿ ತೆಗೆದು, ಆರಲು ಬಿಟ್ಟು ಮತ್ತೆ ಕೊರೆದೆ. ಒಂದು ಇಂಚು ಹೋದ ಮೇಲೆ ಸಣ್ಣ ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಮರದ ಬತ್ತಿಯ ಜೊತೆ ಮುರಿದ ಸ್ಕ್ರೂ ಹೊರಬಂತು.

ಉಳಿದ ತೂತನ್ನು ಅದೇ ಜಾತಿಯ ಮರದ ಗೂಟದಿಂದ ತುಂಬಬೇಕು. ಗೂಟದ ನಾರು ಚೌಕಟ್ಟಿನ ನಾರಿನ ಜೊತೆಗೇ ಸಾಗುವಂತೆ ಕತ್ತರಿಸಿದರೆ ಸ್ಕ್ರೂವಿಗೆ ಹಿಡಿತ ಹೆಚ್ಚು. ರೆಂಬೆಯನ್ನು ಸುಮ್ಮನೆ ಕೆತ್ತಿ ತುರುಕಿದರೆ ಕಡಿಮೆ. ಫೆವಿಕಾಲ್ ಹಚ್ಚಿ ಬಡಿದು, ಒಂದು ಪೂರ್ತಿ ದಿನ ಬಿಟ್ಟು, ಉಳಿಯಿಂದ ಮಟ್ಟ ಮಾಡಬೇಕು. ಅಗಲವಾದ ಮೊದಲ ತೂತಿಗೂ, ನಾನು ತಪ್ಪಾಗಿ ಕೊರೆದ ಓರೆ ತೂತಿಗೂ ಇದೇ ಚಿಕಿತ್ಸೆ.

ಹೊಸ ಸ್ಕ್ರೂ ಹಾಕುವಾಗ ತೂತು ಕೊರೆಯದೆ ಹಾಕಬಾರದು. 4 ಮಿ.ಮೀ. ಸ್ಕ್ರೂವಿಗೆ ಗಟ್ಟಿ ಮರದಲ್ಲಿ 3 ಮಿ.ಮೀ. ತೂತು. ಎಷ್ಟು ಆಳ ಬೇಕೋ ಅಲ್ಲಿಗೆ ಡ್ರಿಲ್ಲಿನ ಮೊನೆಗೆ ಟೇಪ್ ಸುತ್ತಿ ಗುರುತು ಮಾಡಿ. ಸ್ಕ್ರೂವಿನ ಸುರುಳಿಗೆ ಮೇಣದ ಬತ್ತಿ ಉಜ್ಜಿದರೆ ಸಲೀಸಾಗಿ ಹೋಗುತ್ತದೆ. ಸಾಬೂನು ಉಜ್ಜುವವರಿದ್ದಾರೆ, ಆದರೆ ಅದು ತೇವ ಎಳೆದು ತುಕ್ಕು ಹಿಡಿಸುತ್ತದೆ. ಹಿತ್ತಾಳೆ ಸ್ಕ್ರೂ ಮೆತ್ತಗಿನದು. ಅದನ್ನು ಹಾಕುವುದಿದ್ದರೆ ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ ದಾರಿ ಮಾಡಿ, ತೆಗೆದು, ಆಮೇಲೆ ಹಿತ್ತಾಳೆಯದನ್ನು ಹಾಕಬೇಕು. ಬಚ್ಚಲುಮನೆಗೆ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ಸ್ಕ್ರೂ ಗೂಟವನ್ನೂ ದಾಟಿ ಹಿಂದಿನ ಗಟ್ಟಿ ಮರವನ್ನು ಹಿಡಿಯುವಷ್ಟು ಉದ್ದವಿರಲಿ.

ಕೆಳಗಿನ ಬಿಜಾಗರಿಯ ತುಂಡು ಉಳಿದಿತ್ತು. ಈಗ ಕೈ ಪಳಗಿದೆ, ಅದನ್ನೂ ತೆಗೆಯುತ್ತೇನೆ ಎಂದೆ. ಬಡಿಗೇರರು ತಲೆ ಅಲ್ಲಾಡಿಸಿದರು.

"ಮುರದದ್ದನ್ನೆಲ್ಲಾ ತೆಗೀಬೇಕಂತ ಎಲ್ಲೈತ್ರೀ? ಅದು ಯಾರಿಗೂ ಚುಚ್ಚವಲ್ದು. ಬಿಜಾಗರಿ ಒಂದ್ ಇಂಚ್ ಮ್ಯಾಲ ಸರಸ್ರಿ. ಅದು ಅಲ್ಲೇ ಇರ್ಲಿ."

ಯೋಚಿಸಿದರೆ ಸರಿಯೆನಿಸಿತು. ಚುಚ್ಚುವುದನ್ನು ತೆಗೆಯಬೇಕು. ದಾರಿಗೆ ಅಡ್ಡ ಬಂದದ್ದನ್ನು ಶ್ರಮಪಟ್ಟಾದರೂ ತೆಗೆಯಬೇಕು. ಆದರೆ ಒಳಗೆ ಸುಮ್ಮನೆ ಮಲಗಿದ್ದನ್ನು ಕೆದಕಿ ಚೌಕಟ್ಟನ್ನು ಸೀಳುವ ಅಗತ್ಯವಿಲ್ಲ. ಎರಡು ವರ್ಷ ತಂಗಿ ಪಟ್ಟ ಕಷ್ಟವನ್ನು ಅಣ್ಣನ ಮುಂದೆ ಪಟ್ಟಿ ಮಾಡಿ ಹೇಳಬೇಕೆಂದು ನಾನು ಮಾತು ಜೋಡಿಸಿಕೊಂಡಿದ್ದೆ. ಆ ಮಾತುಗಳನ್ನು ಅಲ್ಲೇ ಬಿಟ್ಟೆ.

ಅಷ್ಟರಲ್ಲಿ ಅಣ್ಣ ಹೊಲದಿಂದ ಬಂದ. ಚೌಕಟ್ಟು, ಛತ್ರಿಯ ತುಂಡು, ನನ್ನ ಕೈಯ ಯಂತ್ರ, ಎಲ್ಲವನ್ನೂ ನೋಡಿದ. ಮೊದಲು ಅವನ ಮುಖ ಗಂಟಾಯಿತು. ಗಂಡಸರು ಮನೆಯಲ್ಲಿರುವಾಗ ಹೆಂಗಸರು ಈ ಕೆಲಸ ಮಾಡಬೇಕಾಯಿತಲ್ಲ ಎಂಬ ನಾಚಿಕೆ ಇದ್ದಿರಬೇಕು. ನಾನು ಒಂದೇ ಮಾತು ಹೇಳಿದೆ. "ಹೊಸ ಚೌಕಟ್ಟು ಬೇಕಾಗಿಲ್ಲವಂತೆ ಅಣ್ಣ. ಇದೇ ಸಾಕಂತೆ."

ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ. "ಹೊಸದೇ ಬೇಕೆಂದುಕೊಂಡಿದ್ದೆ" ಎಂದ. ಆಮೇಲೆ ಕೈಕಾಲು ತೊಳೆದು ಬಂದು ಕದವನ್ನು ಎತ್ತಿ ಹಿಡಿದ. ಕೆಳಗೆ ಇಟ್ಟಿಗೆಯ ಮೇಲೆ ಎರಡು ಕಟ್ಟಿಗೆಯ ಬೆಣೆ ಇಟ್ಟು ಎತ್ತರ ಸರಿ ಮಾಡಿದೆವು. ಕೆಳಗಿನ ಬಿಜಾಗರಿಯ ಸ್ಕ್ರೂಗಳನ್ನು ಅವನೇ ತಿರುಗಿಸಿದ. ಸುತ್ತಿಗೆ ಮುಟ್ಟಲಿಲ್ಲ. ಅವನ ಹಿರಿಯ ಮಗ ಉಳಿದ ತೊಗರಿ ಚೀಲಗಳನ್ನು ಒಂದೊಂದಾಗಿ ಹೊತ್ತು ಪಡಸಾಲೆಗೆ ಸಾಗಿಸಿದ.

ಇದೆಲ್ಲ ದೀನಿನ ಮಾತೇ, ಬಡಿಗತನದ ಮಾತೇ ಎಂದು ನೀವು ಕೇಳಬಹುದು. ಪ್ರವಾದಿ ಝಕರಿಯ್ಯಾ(ಅ) ಬಡಗಿಯಾಗಿದ್ದರು ಎಂದು ಹದೀಸ್‌ನಲ್ಲಿದೆ. ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೆದುಗೊಳಿಸಿಕೊಟ್ಟನು. ಪ್ರವಾದಿ ನೂಹ್(ಅ)ರ ಹಡಗನ್ನು ಕುರ್‌ಆನ್ ಸೂರಃ ಅಲ್‌ಕಮರ್‌ನಲ್ಲಿ ಹಲಗೆ ಮತ್ತು ಮೊಳೆಗಳ ಹೆಸರಿನಿಂದಲೇ ಕರೆದಿದೆ. ಪ್ರವಾದಿವರ್ಯರ(ಸ) ಮಸೀದಿಯ ಮಿಂಬರ್ ಮಾಡಿಸಿಕೊಟ್ಟವರು ಅನ್ಸಾರ್‌ಗಳ ಒಬ್ಬ ಮಹಿಳೆ, ಬಡಗಿಯಾಗಿದ್ದ ತಮ್ಮ ಸೇವಕನಿಂದ. ಮನೆಯಲ್ಲಿ ಪ್ರವಾದಿವರ್ಯರು(ಸ) ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಸೂರಃ ಅನ್ನೂರ್‌ನ ಆ ವಚನಕ್ಕೆ ನಾನು ಹಲವು ವರ್ಷ ಅರ್ಥ ಹೇಳಿದ್ದೇನೆ. ಅದರ ಮೇಲೆ ನಡೆದದ್ದು ಆ ಒಂದು ದಿನ.

ಸಂಜೆ ಕದ ಕುಳಿತಿತು. ಅಮ್ಮ ಬಂದು ಅದನ್ನು ಒಮ್ಮೆ ಮುಚ್ಚಿ, ಒಮ್ಮೆ ತೆರೆದು ನೋಡಿದರು. "ನಾನು ಈ ಮನೆಗೆ ಮದುಮಗಳಾಗಿ ಬಂದಾಗ ಒಂಬತ್ತು ಜನಕ್ಕೆ ಒಂದೇ ಬಾಗಿಲಿತ್ತು, ಅದೂ ಬೀದಿಗೆ" ಎಂದರು. ಮತ್ತೇನೂ ಹೇಳಲಿಲ್ಲ. ಅವರೂ ಎಷ್ಟೋ ವರ್ಷ ಯಾರದೋ ಸೆರಗಿನ ಮರೆಯಲ್ಲಿ ಬಟ್ಟೆ ಬದಲಿಸಿದ್ದಿರಬೇಕೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಹುಡುಗಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾವೆಲ್ಲ ಹೊರಗೆ ನಿಂತಿದ್ದೆವು. ಒಳಗೆ ಏನು ಮಾಡುತ್ತಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕಾಗಿಯೂ ಇರಲಿಲ್ಲ.

ಕೆಲವು ದಿನಗಳ ಬಳಿಕ ಇಶಾ ಮುಗಿಸಿ ತಾಯಿ ಮನೆಗೆ ಹೋಗಿದ್ದೆ. ಅಣ್ಣ ಏನೋ ಕಾಗದ ಬೇಕಾಗಿ ಆ ಕೋಣೆಯ ಕಡೆಗೆ ಹೋದ. ಅಭ್ಯಾಸದಂತೆ ಕೈ ಕದಕ್ಕೆ ಹೋಯಿತು, ನೂಕುವುದಕ್ಕೆ. ನಡುವೆಯೇ ತಡೆದುಕೊಂಡ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಎರಡು ಬೆರಳಿನಿಂದ ತಟ್ಟಿ ಸಲಾಮ್ ಹೇಳಿದ. ಒಳಗಿನಿಂದ ಉತ್ತರ ಬರಲಿಲ್ಲ, ಇಬ್ಬರೂ ಮಲಗಿದ್ದರೇನೋ. ಮತ್ತೊಮ್ಮೆ ಹೇಳಿದ. ಮೂರನೆಯ ಬಾರಿಗೂ ಉತ್ತರವಿಲ್ಲದಾಗ, ಬೆಳಿಗ್ಗೆ ಕೇಳಿದರಾಯಿತೆಂದು ಹಿಂದಿರುಗಿದ. ಮೂರು ಬಾರಿ ಕೇಳಿಯೂ ಅನುಮತಿ ಸಿಗದಿದ್ದರೆ ಮರಳಬೇಕೆಂಬ ಪ್ರವಾದಿ ಬೋಧನೆಯನ್ನು ಅವನಿಗೆ ನಾನು ಹೇಳಿರಲಿಲ್ಲ. ಹುಡುಗಿಯೇ ಹೇಳಿರಬೇಕು.

ಸಹೋದರಿ, ಇಂದು ರಾತ್ರಿ ಮಲಗುವ ಮುಂಚೆ ನಿಮ್ಮ ಮನೆಯ ಕದಗಳನ್ನು ಒಮ್ಮೆ ನೋಡಿ. ಯಾವುದು ಉಜ್ಜುತ್ತದೆ, ಯಾವುದರ ಚಿಲಕ ಬೀಳುವುದಿಲ್ಲ, ಯಾವುದರ ಬದಲಿಗೆ ಪರದೆ ನೇತಾಡುತ್ತಿದೆ? ಅದರ ಹಿಂದೆ ಯಾರು ಮಲಗುತ್ತಾರೆ? ಅವರು ನಿಮ್ಮನ್ನು ಕೇಳಲಾರರು. ನೀವೇ ಕೇಳಿ. ಸ್ಕ್ರೂ ಮುರಿದಿದೆ ಎಂಬ ಕಾರಣಕ್ಕೆ ಚೌಕಟ್ಟನ್ನು ಎಸೆಯಬೇಕಾಗಿಲ್ಲ. ಹಳೆಯ ಛತ್ರಿಯೊಂದು ನಿಮ್ಮ ಅಟ್ಟದಲ್ಲೂ ಇದ್ದೀತು.